ಹದಿನಾರರ ಬಸುರಿಗೆ ಮೊದಲು ಆಸ್ಪತ್ರೆ, ತಾಳಿಯಲ್ಲ

ಪ್ರಶ್ನೆ: ನಾನು ಮನೆಗೆಲಸ ಮಾಡಿ ಬದುಕುವವಳು. ತೀರಿಹೋದ ಅಕ್ಕನ ಮಗಳು ನನ್ನ ಬಳಿಯೇ ಇದ್ದಾಳೆ. ಹದಿನಾರು ವರ್ಷ, ಹತ್ತನೇ ತರಗತಿ, ಈಗ ಏಳು ತಿಂಗಳ ಬಸುರಿ. ಪೊಲೀಸರ ಭಯಕ್ಕೆ ತಾಯಿ ಕಾರ್ಡ್ ಕೂಡ ಮಾಡಿಸಿಲ್ಲ. ಆ ಹುಡುಗನಿಂದಲೇ ತಾಳಿ ಕಟ್ಟಿಸಿ ಎಂದು ಬಂಧುಗಳು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ನಾಳೆ ಬೆಳಿಗ್ಗೆಯೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಏಳು ತಿಂಗಳಾದರೂ ಯಾರೂ ಅವಳ ರಕ್ತದೊತ್ತಡ ನೋಡಿಲ್ಲ ಎನ್ನುವುದು ನನಗೆ ಪೊಲೀಸರಿಗಿಂತ ದೊಡ್ಡ ಭಯ. ಈ ವಯಸ್ಸಿನ ಬಸುರಿಯರಲ್ಲಿ ರಕ್ತಹೀನತೆ, ಬಸುರಿ ನಂಜು (ರಕ್ತದೊತ್ತಡ ಏರುವ ತೊಂದರೆ), ಅವಧಿಗೆ ಮುನ್ನ ಹೆರಿಗೆ ಹೆಚ್ಚು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖದ ಊತ ಕಂಡರೆ ಬೆಳಗಾಗುವವರೆಗೂ ಕಾಯಬೇಡಿ. 108ಕ್ಕೆ ಕರೆ ಮಾಡಿ. 24 ವಾರ ದಾಟಿರುವುದರಿಂದ ಗರ್ಭಪಾತದ ಕಾನೂನು ದಾರಿ ಬಹುತೇಕ ಮುಚ್ಚಿದೆ. ಮಾತ್ರೆ ಕೊಡುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ.

ಪೊಲೀಸರಿಗೆ ಸುದ್ದಿ ಹೋಗುವುದು ನಿಜ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಂತೆ ವೈದ್ಯರು ತಿಳಿಸಲೇಬೇಕು; ಅವಳು ಒಪ್ಪಿದ್ದಳು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಆದರೆ ಪ್ರಕರಣ ಅವಳ ಮೇಲಲ್ಲ. ದೂರು ದಾಖಲಾಗಲಿ ಎಂದು ಚಿಕಿತ್ಸೆ ತಡೆಯುವಂತಿಲ್ಲ, ರಾತ್ರಿ ಠಾಣೆಯಲ್ಲಿ ಕೂರಿಸುವಂತಿಲ್ಲ. ಹೇಳಿಕೆ ಪಡೆಯಲು ಪೊಲೀಸರು ಸಮವಸ್ತ್ರವಿಲ್ಲದೆ ನಿಮ್ಮ ಮನೆಗೇ ಬರಬೇಕು. ಇನ್ನು ತಾಳಿ: ಕರ್ನಾಟಕದಲ್ಲಿ 2017ರಿಂದ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಕಟ್ಟಿಸಿದರೆ ಪೋಕ್ಸೊ ಹೋಗುವುದಿಲ್ಲ, ನಿಮ್ಮ ಮೇಲೆ ಇನ್ನೊಂದು ಪ್ರಕರಣ ಬೀಳುತ್ತದೆ. ಈಗ ಒತ್ತಾಯಿಸುವ ಬಂಧುಗಳು ಆಗ ಜಾಮೀನಿಗೂ ಬರಲಾರರು.

ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾಗಿ. ನ್ಯಾಯಾಲಯದವರೆಗೂ ಜೊತೆ ನಿಲ್ಲುವ ಬೆಂಬಲ ವ್ಯಕ್ತಿಯನ್ನು ಕೇಳಿ ಪಡೆಯಿರಿ. ಕೇಳದಿದ್ದರೆ ಎಷ್ಟೋ ಕಡೆ ನೇಮಿಸುವುದೇ ಇಲ್ಲ. ಹೀಗೆ ಗರ್ಭಿಣಿಯರಾದ ಬಾಲಕಿಯರ ವಸತಿ, ಆರೈಕೆ, ಶಿಕ್ಷಣಕ್ಕೆಂದೇ ಕೇಂದ್ರ ಸರ್ಕಾರ 2023ರಲ್ಲಿ ಯೋಜನೆ ತಂದಿದೆ. ಅದಕ್ಕೆ ಎಫ್‌ಐಆರ್ ಪ್ರತಿ ಕಡ್ಡಾಯವಲ್ಲ. ತೀರ್ಪು ಬರುವ ಮೊದಲೇ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ ವಿಶೇಷ ನ್ಯಾಯಾಲಯಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ, ಸಿಸೇರಿಯನ್ನಿಗೂ, ಹಣ ಕೊಡಬೇಕಿಲ್ಲ. ಅಂಗನವಾಡಿಯಲ್ಲಿ ಮಾತೃಪೂರ್ಣದ ಬಿಸಿಯೂಟ ಕೇಳಿ. ಗರ್ಭಿಣಿಯರಿಗೆ ಕೇಂದ್ರ ಕೊಡುವ ಮಾತೃವಂದನಾ ಹಣಕ್ಕೆ ಮಾತ್ರ ವಯಸ್ಸಿನ ಮಿತಿ ಇದೆ, ಅದಕ್ಕಾಗಿ ಅಲೆಯಬೇಡಿ.

ಮಗುವನ್ನು ಸಾಕುವುದೋ ಬೇಡವೋ ಎಂದು ಅವಳನ್ನೇ ಕೇಳಿ, ಹೆರಿಗೆ ಕೋಣೆಯ ಬಾಗಿಲಲ್ಲಲ್ಲ. ಒಪ್ಪಿಸುವುದಾದರೆ ಸಮಿತಿಗೆ ಮಾತ್ರ. ಮನಸ್ಸು ಬದಲಿಸಲು ಎರಡು ತಿಂಗಳು ಸಮಯವಿದೆ. ಮಕ್ಕಳಿಲ್ಲದ ದಂಪತಿ ಇದ್ದಾರೆಂದು ಯಾರಾದರೂ ಪಿಸುಗುಟ್ಟಿದರೆ ಅದು ಮಾರಾಟ, ಅಪರಾಧ.

ಶಾಲೆಯ ವಿಷಯವನ್ನು ನೀವೂ ಕೇಳಿಲ್ಲ, ಯಾರೂ ಕೇಳುವುದಿಲ್ಲ. ಟಿಸಿ ಒಯ್ಯಿರಿ ಎಂದು ಮುಖ್ಯೋಪಾಧ್ಯಾಯರು ಹೇಳಿದರೆ ಸಹಿ ಹಾಕಬೇಡಿ. ಸಮಿತಿಯ ಆದೇಶದಲ್ಲೇ ಓದು ಮುಂದುವರಿಸುವ ಮಾತನ್ನು ಬರೆಸಿ. ತರಗತಿಗೆ ಹೋಗಲಾಗದಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಬಹುದು.