ಹೈಸ್ಕೂಲಿನಲ್ಲಿ ವಿಡಿಯೊ ಪಾಠ ಮತ್ತು ಸ್ವ-ಅಧ್ಯಯನ ಆರಂಭಿಸಲು ಯಾವ ಆ್ಯಪ್ ಒಳ್ಳೆಯದು? ಮಕ್ಕಳಿಗೆ ಅಷ್ಟು ಜವಾಬ್ದಾರಿ ಇರುತ್ತದೆಯೇ?

ನಿಮ್ಮಂತೆಯೇ ನಾನೂ ಆ್ಯಪ್ ಹುಡುಕುವುದರಿಂದಲೇ ಆರಂಭಿಸಿದ್ದೆ. ಮಲ್ಪೆಗೆ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ತಂದೆಯಂದಿರು ಬೋಟಿಗೆ ಹೋಗುವವರು. 2007ರಲ್ಲಿ ಅಮೆರಿಕದ ಕೊಲರಾಡೊದ ರಸಾಯನಶಾಸ್ತ್ರ ಶಿಕ್ಷಕರಾದ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ ತಮ್ಮ ಪಾಠಗಳನ್ನು ಚಿತ್ರೀಕರಿಸಿ ಮನೆಗೆ ಕೊಟ್ಟು, ತರಗತಿಯ ಹೊತ್ತನ್ನು ಲೆಕ್ಕ ಮತ್ತು ಪ್ರಯೋಗಗಳಿಗೆ ಉಳಿಸಿಕೊಂಡ ಕ್ರಮವನ್ನು ಓದಿ, ಹತ್ತನೆಯ ತರಗತಿಗೆ ಜೂನ್‌ನಿಂದಲೇ ವಿಡಿಯೊ ಕಳುಹಿಸತೊಡಗಿದೆ. ಮಕ್ಕಳು ನೋಡಿಕೊಂಡು ಬಂದರು, ಚೆನ್ನಾಗಿ ಪ್ರಶ್ನೆ ಕೇಳಿದರು. ಈ ಕ್ರಮ ಇಡೀ ವರ್ಷಕ್ಕೆ ಸಾಕು ಎಂದು ತೀರ್ಮಾನಿಸಿ, ಕಪ್ಪುಹಲಗೆಯ ಮುಂದೆ ನಿಂತು ವಿವರಿಸುವುದನ್ನು ನಿಲ್ಲಿಸಿಯೇಬಿಟ್ಟೆ.

ತಪ್ಪಿದ್ದು ಆ ತೀರ್ಮಾನದಲ್ಲಿ. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಆ 61 ದಿನ ಬೋಟು ದಕ್ಕೆಯಲ್ಲಿ, ತಂದೆ ಮನೆಯಲ್ಲಿ, ತಂದೆಯ ಫೋನೂ ಮನೆಯಲ್ಲಿ. ಆಗಸ್ಟ್‌ನಲ್ಲಿ ಬೋಟು ಹೊರಟಾಗ ಫೋನೂ ಹೊರಟಿತು. ಅದನ್ನು ನನಗೆ ಯಾರೂ ಹೇಳಲಿಲ್ಲ. ಮನೆಯಲ್ಲಿ ಇರುವುದು ಒಂದೇ ಫೋನ್ ಎಂದು ತರಗತಿಯಲ್ಲಿ ಎದ್ದು ನಿಂತು ಹೇಳುವುದು ಹದಿನೈದು ವರ್ಷದ ಮಕ್ಕಳಿಗೆ ಸುಲಭವಲ್ಲ. ಅವರು ಬೆಳಗ್ಗೆ ಬೇಗ ಬಂದು ಗೆಳೆಯರ ಟಿಪ್ಪಣಿಯನ್ನು ನಕಲು ಮಾಡಿಕೊಳ್ಳುತ್ತಿದ್ದರು. ನಾನು ನೋಡುತ್ತಿದ್ದುದು ತುಂಬಿದ ಪುಸ್ತಕವನ್ನು ಮಾತ್ರ. ಎಲ್ಲರ ಪುಸ್ತಕ ತುಂಬಿದ್ದರಿಂದ ಎಲ್ಲರೂ ಕಲಿತಿದ್ದಾರೆಂದು ಭಾವಿಸಿ, ವಿದ್ಯುಚ್ಛಕ್ತಿಯ ಅಧ್ಯಾಯವನ್ನು ಮುಗಿಸಿ ಮುಂದೆ ಹೋದೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 6 ಓಮ್‌ನ ಎರಡು ರೋಧಕಗಳ ಸಮಾಂತರ ಜೋಡಣೆಯ ಒಟ್ಟು ರೋಧ ಕೇಳಿದಾಗ, 3 ಎಂದು ಬರಬೇಕಾದಲ್ಲಿ ಅರ್ಧ ತರಗತಿ 12 ಎಂದು ಬರೆದಿತ್ತು. ಅಂದರೆ ಅವರು ಕೂಡಿಸಿದ್ದರು, ಅಷ್ಟೇ. ಆ ಪಾಠವನ್ನು ಅವರಿಗೆ ಯಾರೂ ಮಾಡಿಯೇ ಇರಲಿಲ್ಲ. ಪಿಯುಸಿಗೆ ವಿಜ್ಞಾನ ತೆಗೆದುಕೊಳ್ಳಬೇಕೆಂದಿದ್ದ ಕೆಲವರು ಆಮೇಲೆ ಆ ಯೋಚನೆಯನ್ನೇ ಬಿಟ್ಟರು. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

ಬರ್ಗ್‌ಮನ್ ಮತ್ತು ಸ್ಯಾಮ್ಸ್ ಅಂತರ್ಜಾಲವಿಲ್ಲದ ಮಕ್ಕಳಿಗೆ ಡಿವಿಡಿ ಕೊಡುತ್ತಿದ್ದರು. ನಾನು ಅವರ ಕ್ರಮವನ್ನು ತಂದೆ, ಆ ಏರ್ಪಾಡನ್ನು ತರಲಿಲ್ಲ.

ಆದ್ದರಿಂದ ಮಕ್ಕಳಿಗೆ ಜವಾಬ್ದಾರಿ ಇದೆಯೇ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ನಕಲು ಮಾಡಲೆಂದು ಮುಂಜಾನೆ ಬೇಗ ಶಾಲೆಗೆ ಬರುವ ಮಗುವಿಗೆ ಜವಾಬ್ದಾರಿ ಬೇಕಾದಷ್ಟಿದೆ, ಇಲ್ಲದ್ದು ಪಾಠ. ಆ್ಯಪ್‌ನ ಪ್ರಶ್ನೆಯೂ ಆಮೇಲಿನದು. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ಸಿಗುವ, ಸರ್ಕಾರದ ಕಲಿಕಾ ಜಾಲತಾಣವಾದ ದೀಕ್ಷಾದ ವಿಡಿಯೊಗಳನ್ನು ಮೊದಲೇ ಶಾಲೆಯ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೂ ಪಾಠ ನಿಲ್ಲುವುದಿಲ್ಲ. ಫೋನ್ ಕೊಡಿಸಿ ಎಂದು ಯಾವ ಪೋಷಕರಿಗೂ ಹೇಳಬೇಡಿ.

ಈಗ ನಾನು ವಿಡಿಯೊವನ್ನು ಮನೆಗೆ ಕಳುಹಿಸುವುದೇ ಇಲ್ಲ. ತರಗತಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪು ವಿಡಿಯೊ ನೋಡುವಾಗ ಇನ್ನೊಂದು ಗುಂಪು ಬ್ಯಾಟರಿ, ತಂತಿ, ಬಲ್ಬು ಹಿಡಿದು ವಿದ್ಯುತ್ ಮಂಡಲ ಜೋಡಿಸುತ್ತದೆ, ಮೂರನೆಯದು ನನ್ನ ಬಳಿ ಕುಳಿತಿರುತ್ತದೆ. ಆಮೇಲೆ ಜಾಗ ಬದಲಾಗುತ್ತದೆ. ಯಾವ ಲೆಕ್ಕ ಮೊದಲು, ಯಾವ ದಿನ ನನಗೆ ಒಪ್ಪಿಸುವುದು ಎಂಬುದನ್ನು ಮಕ್ಕಳೇ ನಿರ್ಧರಿಸುತ್ತಾರೆ. ಒಪ್ಪಿಸಬೇಕೋ ಬೇಡವೋ ಎಂಬ ಆಯ್ಕೆ ಮಾತ್ರ ಅವರಿಗಿಲ್ಲ. ಪುಸ್ತಕವನ್ನು ಮುಚ್ಚಿಸಿ, ಅಂಕಿಗಳನ್ನು ಬದಲಿಸಿ, ಪ್ರತಿಯೊಬ್ಬರಿಗೂ ಒಂದು ಲೆಕ್ಕವನ್ನು ನನ್ನೆದುರೇ ಮಾಡಿಸಿ, ಹಾಗೆ ಏಕೆ ಮಾಡಿದೆ ಎಂದು ಕೇಳುತ್ತೇನೆ. ಇದರಿಂದ ಪಾಠಗಳು ನಿಧಾನವಾಗುತ್ತವೆ, ಸಹೋದ್ಯೋಗಿಗಳು ಅದನ್ನು ಎತ್ತಿ ಆಡುತ್ತಾರೆ. ನೀವು ಆರಂಭಿಸುವುದಾದರೆ ಇಡೀ ವಿಷಯಕ್ಕಲ್ಲ, ಒಂದೇ ಅಧ್ಯಾಯಕ್ಕೆ ಆರಂಭಿಸಿ, ಅದೂ ಆಗಸ್ಟ್ ಕಳೆದ ಮೇಲೆ.