ಓದುಗರ ಪ್ರಶ್ನೆ: ಈ ಸಿನಿಮಾ ಮಗನಿಗೆ ತೋರಿಸಬಹುದೇ?

ಪ್ರಶ್ನೆ: ಮಗನಿಗೆ 15 ವರ್ಷ. ಗೆಳೆಯರ ಮಾತು ಕೇಳಿ ‘ಮ್ಯಾಂಚೆಸ್ಟರ್ ಬೈ ದ ಸೀ’ ನೋಡಬೇಕು ಅನ್ನುತ್ತಿದ್ದಾನೆ. ಎಂಟು ತಿಂಗಳ ಹಿಂದೆ ಅವನ ದೊಡ್ಡಪ್ಪ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಅವರನ್ನು ತುಂಬ ಹಚ್ಚಿಕೊಂಡಿದ್ದ. ಅಮೆರಿಕದಲ್ಲಿ ಈ ಚಿತ್ರಕ್ಕೆ ‘ಆರ್’ ಕೊಟ್ಟಿದ್ದಾರಂತೆ. ತೋರಿಸಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ತೋರಿಸಬಹುದು. ಆದರೆ ಮೊದಲು ನೀವು ಪೂರ್ತಿ ನೋಡಿ. ‘ಆರ್’ ಅಂದರೆ ಅಲ್ಲಿ 17 ತುಂಬದವರು ದೊಡ್ಡವರ ಜೊತೆಗೇ ಬರಬೇಕು. ಅದಕ್ಕೆ ಕೊಟ್ಟಿರುವ ಕಾರಣ ಚಿತ್ರದುದ್ದಕ್ಕೂ ಬರುವ ಬೈಗುಳ ಮತ್ತು ಒಂದಿಷ್ಟು ಲೈಂಗಿಕ ವಿಷಯ. ದುಃಖದ ಮಾತೇ ಅಲ್ಲಿಲ್ಲ. ನಿಮ್ಮ ಮಗನ ಮಟ್ಟಿಗೆ ಭಾರವಾಗುವುದು ಮಾತ್ರ ಅದೇ.

ಕಥೆ ಬಿಟ್ಟುಕೊಡದೆ ಇದನ್ನು ವಿವರಿಸಲಾಗದು. 2016ರ ಈ ಚಿತ್ರದಲ್ಲಿ ಅಣ್ಣ ಹೃದಯದ ಕಾಯಿಲೆಯಿಂದ ಸಾಯುತ್ತಾನೆ. ಅವನ 16 ವರ್ಷದ ಮಗ ಪ್ಯಾಟ್ರಿಕ್‌ನ ಹೊಣೆ ತಮ್ಮ ಲೀ ಮೇಲೆ ಬೀಳುತ್ತದೆ. ನಡುಭಾಗದಲ್ಲಿ ಲೀಯ ಹಳೆಯ ಕಥೆ ತೆರೆದುಕೊಳ್ಳುತ್ತದೆ. ಕುಡಿದ ರಾತ್ರಿ ಬೆಂಕಿಗೂಡಿಗೆ ಅಡ್ಡ ತಡೆ ಇಡುವುದನ್ನು ಮರೆತು ಅಂಗಡಿಗೆ ಹೋಗಿರುತ್ತಾನೆ. ಮನೆ ಸುಟ್ಟು ಮೂವರು ಮಕ್ಕಳು ಸಾಯುತ್ತಾರೆ. ಆಮೇಲೆ ಪೊಲೀಸ್ ಠಾಣೆಯಲ್ಲಿ ಅವನು ಆತ್ಮಹತ್ಯೆಗೆ ಯತ್ನಿಸುತ್ತಾನೆ.

ನಿಮ್ಮ ಮಗನಿಗೆ ಇದಕ್ಕಿಂತ ಆಳವಾಗಿ ನಾಟಬಹುದಾದ ದೃಶ್ಯ ಇನ್ನೊಂದಿದೆ. ಚಳಿಗೆ ನೆಲ ಹೆಪ್ಪುಗಟ್ಟಿರುವುದರಿಂದ ಪ್ಯಾಟ್ರಿಕ್‌ನ ಅಪ್ಪನ ಶವವನ್ನು ವಸಂತದವರೆಗೆ ಶೀತಲಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಒಂದು ರಾತ್ರಿ ಪ್ಯಾಟ್ರಿಕ್ ಫ್ರಿಜ್ ತೆರೆದಾಗ ಹೆಪ್ಪುಗಟ್ಟಿದ ಮಾಂಸದ ಪೊಟ್ಟಣ ಕೆಳಗೆ ಬೀಳುತ್ತದೆ. ಅಲ್ಲಿಯತನಕ ಏನೂ ಆಗಿಲ್ಲವೆಂಬಂತೆ ಇದ್ದ ಹುಡುಗನಿಗೆ ಉಸಿರು ಸಿಕ್ಕಿಕೊಂಡು ಅಳು ಒತ್ತರಿಸಿ ಬರುತ್ತದೆ. ಸಾವಿನ ಮನೆಯಲ್ಲಿ ಅಳದ ಹುಡುಗನನ್ನು ಕಲ್ಲುಮನಸ್ಸಿನವನು ಅಂದುಬಿಡುವ ಹಿರಿಯರೂ ನೋಡಬೇಕಾದ ದೃಶ್ಯ ಇದು. ಕೊನೆಗೂ ಲೀ ತನ್ನ ದುಃಖವನ್ನು ಗೆಲ್ಲುವುದಿಲ್ಲ, ಗೆಲ್ಲಲಾಗುತ್ತಿಲ್ಲ ಎಂದು ಬಾಯಿಬಿಟ್ಟೇ ಹೇಳುತ್ತಾನೆ. ‘ತಪ್ಪು ಮಾಡಿದವನಿಗೆ ಬದುಕೇ ಇಲ್ಲ’ ಎಂದು ಹದಿನೈದರ ಹುಡುಗ ಅರ್ಥಮಾಡಿಕೊಳ್ಳುವ ಅಪಾಯ ಇಲ್ಲಿದೆ.

ನಿದ್ದೆ, ಊಟ ಇನ್ನೂ ಹಳಿಗೆ ಬಂದಿಲ್ಲದಿದ್ದರೆ, ‘ನಾನು ಇನ್ನೊಂಚೂರು ಬೇಗ ಫೋನ್ ಮಾಡಿದ್ದರೆ ದೊಡ್ಡಪ್ಪ ಉಳಿಯುತ್ತಿದ್ದರು’ ಎಂಬಂಥ ಮಾತು ಬರುತ್ತಿದ್ದರೆ, ಸದ್ಯಕ್ಕೆ ಬೇಡ. ಹಾಗಿಲ್ಲವಾದರೆ ರಜೆಯ ದಿನ ಸಂಜೆ ನಾಲ್ಕಕ್ಕೆ ಶುರುಮಾಡಿ. ಚಿತ್ರ 137 ನಿಮಿಷ. ಮಲಗುವ ಮುಂಚೆ ಮಾತಾಡಲು ಮೂರು ಗಂಟೆಯಾದರೂ ಉಳಿಯಬೇಕು. ರಾತ್ರಿ ಹತ್ತಕ್ಕೆ, ಇಯರ್‌ಫೋನ್ ಹಾಕಿ, ಮೊಬೈಲಿನಲ್ಲಿ ಒಬ್ಬನೇ ನೋಡುವುದು ಮಾತ್ರ ಬೇಡವೇ ಬೇಡ. ಬೆಂಕಿಯ ದೃಶ್ಯ, ಠಾಣೆಯ ದೃಶ್ಯ ಇವೆ ಎಂದು ಮೊದಲೇ ಹೇಳಿ. ಸಾಕೆನಿಸಿದಾಗ ನಿಲ್ಲಿಸೋಣ ಎಂದೂ ಹೇಳಿ. ನೋಡುವಾಗ ಅವನ ಮುಖವನ್ನೇ ಗಮನಿಸುತ್ತಾ ಕೂರಬೇಡಿ, ಹುಡುಗರು ಮುದುಡಿಕೊಳ್ಳುತ್ತಾರೆ. ಮುಗಿದ ಕೂಡಲೇ ‘ಹೇಗನ್ನಿಸಿತು?’ ಎಂದು ಕೇಳುವುದಕ್ಕಿಂತ, ಊಟಕ್ಕೆ ಕೂತಾಗ ‘ಪ್ಯಾಟ್ರಿಕ್ ಅಷ್ಟು ದಿನ ಯಾಕೆ ಅಳಲಿಲ್ಲ?’ ಎಂದು ಕೇಳಿ. ಅವನ ವಿಷಯ ಹೇಳುತ್ತಾ ತನ್ನದನ್ನೂ ಹೇಳಿಕೊಂಡಾನು.

ಒಂದೆರಡು ದಿನ ಮಂಕಾಗಿರುವುದು ಸಹಜ. ಎರಡು ವಾರವಾದರೂ ಹಾಗೇ ಇದ್ದರೆ ವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಆ ದಿನವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ‘ಯುಎ 16+’ ಚಿತ್ರಕ್ಕೆ 14ರ ಮಗಳನ್ನು ಕರೆದುಕೊಂಡು ಹೋದರೆ ಥಿಯೇಟರಿನವರು ತಡೆಯುತ್ತಾರೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ತಡೆಯುವ ನಿಯಮವಿಲ್ಲ. ಸಿನಿಮಾ ಪ್ರಮಾಣಪತ್ರದ 2024ರ ನಿಯಮಗಳಲ್ಲಿ ‘ಯುಎ’ಯನ್ನು 7+, 13+, 16+ ಎಂದು ಒಡೆದಿರುವುದು ಹೆತ್ತವರಿಗೆ ಸಲಹೆಯಾಗಿ. ‘ಎ’ ಚಿತ್ರಕ್ಕೆ ಮಾತ್ರ 18 ತುಂಬದವರು ನಿಮ್ಮ ಜೊತೆಗೆ ಬಂದರೂ ಪ್ರವೇಶವಿಲ್ಲ. ಒಟಿಟಿಯಲ್ಲಿ 13+ ಹಾಗೂ ಮೇಲಿನ ದರ್ಜೆಗಳಿಗೆ ಪೇರೆಂಟಲ್ ಲಾಕ್ ಇರಲೇಬೇಕು. ಅದನ್ನು ಹಾಕಿಕೊಳ್ಳಬೇಕಾದವರು ನೀವೇ.