ಸಂಜೆ ಏಳರಿಂದ ಹತ್ತು: ಮದುವೆಯನ್ನೇ ಮದ್ದು ಎಂದುಕೊಂಡ ಮನೆಯೊಂದರ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಲಾಗಿದೆ. ಬರೆಯಲು ಅವರ ಒಪ್ಪಿಗೆ ಪಡೆಯಲಾಗಿದೆ.)

ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರ, ವಯಸ್ಸು 36. ಎಂಟು ಎಕರೆ ತೋಟ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ಮನೆಯಲ್ಲಿ ತಾಯಿ ಮತ್ತು ಅವರು ಇಬ್ಬರೇ. ಆರು ವರ್ಷದಿಂದ ಹೆಣ್ಣು ಹುಡುಕುತ್ತಿದ್ದಾರೆ. ಹುಡುಗ ತೋಟದಲ್ಲೇ ಇರುತ್ತಾನೆ ಎಂದು ತಿಳಿದ ಮೇಲೆ ಹೆಣ್ಣಿನ ಕಡೆಯವರು ಮತ್ತೆ ಫೋನ್ ಮಾಡುವುದಿಲ್ಲ. ಆಗಸ್ಟ್ ಮಳೆಯಲ್ಲಿ ತಾಯಿಯೇ ಅವರನ್ನು ಆಪ್ತಸಲಹೆಗೆಂದು ನಮ್ಮಲ್ಲಿಗೆ ಕರೆತಂದರು. "ಒಂದು ಹುಡುಗಿ ಸಿಕ್ಕಿದರೆ ಎಲ್ಲ ಸರಿಯಾಗ್ತದೆ ಮೇಡಂ, ಅಲ್ಲಿ ತನಕ ಇವನಿಗೆ ಸ್ವಲ್ಪ ಧೈರ್ಯ ಹೇಳಿ" ಎಂದರು. ಮಗನ ಮಾತೂ ಅದೇ: "ಜೊತೆಗೆ ಯಾರಾದರೂ ಇದ್ದಿದ್ದರೆ ನಾನು ಹೀಗೆ ಆಗ್ತಿರಲಿಲ್ಲ."

ಈ ನಂಬಿಕೆ ಪೂರ್ತಿ ಸುಳ್ಳಲ್ಲ. ಆದ್ದರಿಂದ ಮೊದಲ ದಿನವೇ ಅದರ ಜೊತೆ ವಾದಕ್ಕಿಳಿಯಬಾರದು. ಮೊದಲು ನೋಡಬೇಕಾದದ್ದು ಖಿನ್ನತೆ ಇದೆಯೇ ಎಂಬುದನ್ನು. ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯಲ್ಲಿ ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆಗಳಿರುತ್ತವೆ, ಒಟ್ಟು ಅಂಕ 27. ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರ ತಪಾಸಣೆ ಬೇಕು. ಇವರದು 14. ಒಂಬತ್ತನೆಯ ಪ್ರಶ್ನೆ ಸಾಯಬೇಕೆನಿಸುವ ಯೋಚನೆಯ ಬಗ್ಗೆ. ಅದಕ್ಕೆ ಅವರು "ಕೆಲವು ದಿನ" ಎಂದು ಗುರುತು ಹಾಕಿದ್ದರು. ಅಂಥ ಉತ್ತರ ಬಂದಾಗ ಸುತ್ತುಬಳಸದೆ ಕೇಳಬೇಕು. ಕೇಳಿದರೆ ಆ ಯೋಚನೆ ಬೆಳೆಯುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಸಾಯುವ ಯೋಜನೆಯೇನೂ ಅವರಲ್ಲಿ ಇರಲಿಲ್ಲ. ಆದರೂ ಕೊಡಗಿನ ಎಷ್ಟೋ ಮನೆಗಳಲ್ಲಿ ಕೋವಿ ಇರುತ್ತದೆ, ತೋಟದ ಮನೆಯಲ್ಲಿ ಕೀಟನಾಶಕವೂ ಇರುತ್ತದೆ. ಎರಡಕ್ಕೂ ಬೀಗ ಹಾಕಿ ಕೀಲಿ ಪಕ್ಕದ ತೋಟದ ಚಿಕ್ಕಪ್ಪನ ಕೈಗೆ ಹೋಗಬೇಕೆಂದು ಅದೇ ದಿನ ತೀರ್ಮಾನವಾಯಿತು. ಮನೋವೈದ್ಯರಿಗೆ ಚೀಟಿ ಬರೆದೆವು. ಹಗಲು ರಾತ್ರಿ ಉಚಿತವಾಗಿ ಸಿಗುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಅವರ ಫೋನಿನಲ್ಲಿ ಸೇರಿಸಿ ಕಳಿಸಿದೆವು.

ಎರಡನೆಯ ಕೆಲಸ, ದಿನಕ್ಕೆ ಮೂರು ಸಲ ಮನಸ್ಸಿಗೆ ಅಂಕ ಬರೆಯುವುದು. ಸೊನ್ನೆಯಿಂದ ಹತ್ತು; ಇಲ್ಲಿ ಅಂಕ ಹೆಚ್ಚಿದಷ್ಟೂ ಮನಸ್ಸು ಚೆನ್ನಾಗಿದೆ ಎಂದರ್ಥ. ಜೊತೆಗೆ, ಆಗ ಯಾರ ಸಂಗಡ ಇದ್ದೆ ಎಂಬ ಒಂದು ಪದ. ಬೇರೆ ಪುಸ್ತಕ ಕೊಟ್ಟರೆ ಮರೆತುಹೋಗುತ್ತದೆ ಎಂದು ಕೆಲಸದವರ ಹಾಜರಿ ಪುಸ್ತಕದ ಅಂಚಿನಲ್ಲೇ ಬರೆಯಲು ಹೇಳಿದೆವು. ಎರಡು ವಾರದ ನಂತರ ತಂದ ಆ ಪುಟಗಳು ಒದ್ದೆಯಾಗಿ ಅಲೆಅಲೆಯಾಗಿದ್ದವು, ಮೂಲೆಯಲ್ಲಿ ಕಾಫಿ ಲೋಟದ ಉಂಗುರ. ಬೆಳಿಗ್ಗೆ ಮೇಸ್ತ್ರಿಯ ಜೊತೆ ತೋಟದಲ್ಲಿದ್ದಾಗ 5, 6. ಮಧ್ಯಾಹ್ನ 5. ರಾತ್ರಿ ಒಂಬತ್ತಕ್ಕೆ 2, 1, 2, 2. ಆ ಸಾಲಿನಲ್ಲೆಲ್ಲ "ಒಬ್ಬನೇ" ಎಂದಿತ್ತು. ತಾಯಿ ಎಂಟಕ್ಕೆ ತಟ್ಟೆ ಮುಚ್ಚಿಟ್ಟು ಒಳಕೋಣೆಯಲ್ಲಿ ಟಿವಿ ಮುಂದೆ ಕೂರುತ್ತಾರೆ. ಇವರು ಜಗಲಿಯಲ್ಲಿ ಮೂರು ಪೆಗ್ ಮುಗಿಸಿ ಹತ್ತಕ್ಕೆ ತಣ್ಣಗಾದ ಅನ್ನ ಉಣ್ಣುತ್ತಾರೆ. ಒಂದೇ ಸೂರಿನಡಿ ಇಬ್ಬರು ಒಂಟಿಗಳು.

ದಿನವಿಡೀ ಸಂಗಾತಿಯಿಲ್ಲದ ನೋವು ಎಂದು ಅವರು ತಿಳಿದಿದ್ದು ಪುಸ್ತಕದಲ್ಲಿ ಸಂಜೆ ಏಳರಿಂದ ಹತ್ತರವರೆಗಿನ ಮೂರು ತಾಸಿಗೆ ಇಳಿದಿತ್ತು. ಮದ್ಯ ಬೇಗ ನಿದ್ದೆ ತರಿಸಿದರೂ ರಾತ್ರಿಯ ಎರಡನೇ ಭಾಗದಲ್ಲಿ ನಿದ್ದೆ ಕೆಡಿಸುತ್ತದೆ. ನಸುಕಿನ ಮೂರು ಗಂಟೆಗೆ ಅವರಿಗೆ ಎಚ್ಚರವಾಗುತ್ತಿದ್ದುದಕ್ಕೆ ಅದೂ ಒಂದು ಕಾರಣ.

ಸಂಬಂಧದಿಂದ ಸಂತೋಷ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಆಗ ಬಂದೆವು. ಜರ್ಮನಿಯಲ್ಲಿ ಸಾವಿರಾರು ಜನರನ್ನು ವರ್ಷ ವರ್ಷ ಕೇಳುತ್ತ ಬಂದ ಸಮೀಕ್ಷೆಯೊಂದರ ವಿಶ್ಲೇಷಣೆ 2003ರಲ್ಲಿ ಪ್ರಕಟವಾಯಿತು. ಮದುವೆಯ ಹೊತ್ತಿಗೆ ಸಂತೋಷ ಸ್ವಲ್ಪ ಏರಿ, ಕೆಲವೇ ವರ್ಷಗಳಲ್ಲಿ ಸರಾಸರಿಯಾಗಿ ಮೊದಲಿನ ಮಟ್ಟಕ್ಕೇ ಬರುತ್ತದೆ ಎಂದು ಅದರಲ್ಲಿ ಕಂಡಿತು. ಕೆಲವರಲ್ಲಿ ಏರಿದ್ದು ಉಳಿಯುತ್ತದೆ, ಕೆಲವರು ಮೊದಲಿಗಿಂತ ಕೆಳಗಿಳಿಯುತ್ತಾರೆ. ಮದುವೆಯಾಗುವವರು ಮೊದಲೇ ತುಸು ಸಂತೋಷದಲ್ಲಿದ್ದವರು ಎಂಬುದೂ ಕಂಡಿತು. ಅಂದರೆ ದಂಪತಿಗಳು ಖುಷಿಯಾಗಿ ಕಾಣುವುದಕ್ಕೆಲ್ಲ ಮದುವೆಯೇ ಕಾರಣವಲ್ಲ. ಹಾರ್ವರ್ಡ್‌ನಲ್ಲಿ 1938ರಿಂದ ನಡೆಯುತ್ತಿರುವ ಅಧ್ಯಯನವೂ ಹೇಳುವುದು ಸಂಬಂಧದ ಗುಣದ ಬಗ್ಗೆ, ಮದುವೆಯ ಪತ್ರದ ಬಗ್ಗೆ ಅಲ್ಲ. ಅಲ್ಲಿ ಗೆಳೆಯರು, ಒಡಹುಟ್ಟಿದವರೂ ಲೆಕ್ಕಕ್ಕೆ ಬರುತ್ತಾರೆ. ಜಗಳದ ಮನೆಯಲ್ಲಿ ಬದುಕುವುದಕ್ಕಿಂತ ಒಂಟಿಯಾಗಿರುವುದೇ ವಾಸಿ ಎಂಬುದಕ್ಕೂ ಸಾಕಷ್ಟು ಆಧಾರವಿದೆ. ಇಷ್ಟನ್ನೂ ಅವರಿಗೆ ವಿವರಿಸಿ ಒಂದೇ ಪ್ರಶ್ನೆ ಕೇಳಿದೆವು: "ನಾಳೆ ಒಬ್ಬಳು ಈ ಮನೆಗೆ ಬಂದರೆ, ರಾತ್ರಿ ಎಂಟಕ್ಕೆ ಅವಳು ಎಲ್ಲಿ ಕೂರ್ತಾಳೆ?" ಉತ್ತರ ಬರಲು ತುಂಬಾ ಹೊತ್ತಾಯಿತು. ಮದ್ದಿನ ಜಾಗದಲ್ಲಿ ಒಬ್ಬ ಹೆಣ್ಣನ್ನು ತಂದು ಕೂರಿಸುವುದು ಅವಳಿಗೆ ಮಾಡುವ ಅನ್ಯಾಯ, ಇದನ್ನು ತಾಯಿಗೂ ಮೃದುವಾಗಿ ಆದರೆ ಸ್ಪಷ್ಟವಾಗಿ ಹೇಳಬೇಕಾಯಿತು.

ಆ ಸಂಜೆಗಳನ್ನು ತುಂಬಲು ಮಾಡಿದ ಮೊದಲ ಯೋಜನೆ ಕೆಟ್ಟಿತು. ನಡಿಗೆ, ಹಾಕಿ ಆಟ, ಗೆಳೆಯರ ಭೇಟಿ ಎಂದು ಏಳು ಸಂಗತಿ ಬರೆದಿದ್ದೆವು. ಮರ ಬಿದ್ದು ಎರಡು ದಿನ ರಸ್ತೆ ಬಂದ್, ನಾಲ್ಕು ದಿನ ಕರೆಂಟಿಲ್ಲ. ಒಂದೂ ನಡೆಯಲಿಲ್ಲ, "ನನ್ನಿಂದ ಇದೂ ಆಗಲಿಲ್ಲ" ಎಂಬ ಬೇಸರ ಮಾತ್ರ ಹೆಚ್ಚಿತು. ಖಿನ್ನತೆಯಲ್ಲಿರುವವರಿಗೆ ದೊಡ್ಡ ಪಟ್ಟಿ ಕೊಟ್ಟರೆ ಆಗುವುದು ಇದೇ. ಎರಡಕ್ಕೆ ಇಳಿಸಿದೆವು. ಏಳೂವರೆಗೆ ಮೈಸೂರಿನ ತಂಗಿಗೆ ಹತ್ತು ನಿಮಿಷ ಫೋನ್, ನೆಟ್‌ವರ್ಕ್ ಇಲ್ಲದಿದ್ದರೆ ಚಿಕ್ಕಪ್ಪನ ಮನೆಯವರೆಗೆ ನಡಿಗೆ. ಎಂಟಕ್ಕೆ ಅಡುಗೆಮನೆಯಲ್ಲಿ ಒಲೆಯ ಪಕ್ಕ ತಾಯಿಯ ಜೊತೆ ಬಿಸಿ ಊಟ, ಟಿವಿ ಆರಿಸಿ. ಮದ್ಯವನ್ನು ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಿದರು. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರುವ ಅಪಾಯವಿದೆ. ಹಾಕಿ ಶುರುವಾದದ್ದು ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಲ್ಲಿ.

ಆರು ವಾರಕ್ಕೆ ಪಿಎಚ್‌ಕ್ಯೂ-9 ಅಂಕ 14ರಿಂದ 9ಕ್ಕೆ ಇಳಿಯಿತು. ಆಗ ಒಂದು ಸಂಬಂಧ ಕೂಡಿಬಂದಂತಾಗಿ ಮುರಿಯಿತು, ಹಾಜರಿ ಪುಸ್ತಕದ ಅಂಚಿನಲ್ಲಿ ನಾಲ್ಕು ರಾತ್ರಿ ಮತ್ತೆ 2. ಐದನೆಯ ರಾತ್ರಿ 4. ಮೊದಲಾಗಿದ್ದರೆ ಏಳಲು ತಿಂಗಳು ಬೇಕಾಗುತ್ತಿತ್ತು ಎಂದು ಅವರೇ ಹೇಳಿದರು.

ಹೆಣ್ಣು ನೋಡುವುದನ್ನು ನಿಲ್ಲಿಸಲು ನಾವು ಹೇಳಲಿಲ್ಲ. ಜೊತೆ ಬೇಕೆನ್ನುವುದು ಕಾಯಿಲೆಯಲ್ಲ. ನೋಡುವ ರೀತಿ ಬದಲಾಯಿತು. ಹಿರಿಯರ ಮುಂದೆ ಕಾಫಿ ಕುಡಿದು ಎದ್ದುಬರುವುದಲ್ಲ, ಇಬ್ಬರೇ ಕನಿಷ್ಠ ಮೂರು ಸಲ ಮಾತಾಡಬೇಕು. ಮಳೆಗಾಲದಲ್ಲಿ ತೋಟದ ಮನೆ ಹೇಗಿರುತ್ತದೆಂದು ತೋರಿಸಬೇಕು. ಅವಳ ಕೆಲಸ, ದುಡ್ಡಿನ ಲೆಕ್ಕ, ತಾಯಿಯ ಜೊತೆಗಿನ ವಾಸ, ಇವನ್ನು ಅವಳ ಬಾಯಿಂದಲೇ ಕೇಳಬೇಕು. ಚಿಕಿತ್ಸೆ, ಕುಡಿತದ ವಿಷಯ ಎರಡನೆಯ ಭೇಟಿಯ ಒಳಗೆ ಹೇಳಲೇಬೇಕು. ಇದಕ್ಕೆ ತಾಯಿ ಒಪ್ಪಲಿಲ್ಲ: "ಹೇಳಿದರೆ ಯಾರು ಕೊಡ್ತಾರೆ ಮೇಡಂ?" ಮಗ ಒಪ್ಪಿದರು.

ಜನವರಿಯಲ್ಲಿ, ಕೊಯ್ಲಿನ ನಡುವೆ ಬಂದಾಗ ಪಿಎಚ್‌ಕ್ಯೂ-9 ಅಂಕ 6. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿ ಬಿಡಬಾರದೆಂದು ಮತ್ತೆ ನೆನಪಿಸಿದೆವು. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಮುಗಿದ ಮೇಲೆ ಒಂದು ಭೇಟಿ ಇದೆ; ಜೂನ್‌ಗೆ ಮೊದಲೇ ಕರೆಂಟಿಲ್ಲದ ಸಂಜೆಗಳಿಗೆ ಏನು ಮಾಡುವುದೆಂದು ತಾಯಿಯನ್ನೂ ಕೂರಿಸಿಕೊಂಡು ಬರೆದಿಡಬೇಕಿದೆ.